ಗಮ್ ಇಲ್ಲದ ಕಮಾನು

ಟಪ್. ಟಪ್. ಟಪಟಪಟಪ.

ಹನ್ನೊಂದು ಮರದ ತುಂಡುಗಳೂ ಪಡಸಾಲೆಯ ತುಂಬ ಉರುಳಿದವು. ಒಂದಂತೂ ಕಪಾಟಿನ ಕೆಳಗೇ ಹೋಗಿ ಕುಳಿತಿತು.

"ಏಳನೇ ಸಲ," ಎಂದ ಕುಬೇರ. ಪಕ್ಕದ ಮನೆಯವನು, ಮಹೆಜಬೀನಳ ಕ್ಲಾಸಿನವನೇ. ಸಹಾಯ ಮಾಡುತ್ತೇನೆಂದು ಬಂದವನು ಇಲ್ಲಿಯವರೆಗೆ ಮಾಡಿದ್ದು ಎಣಿಸುವ ಕೆಲಸವೊಂದೇ.

"ಎಣಸಬ್ಯಾಡೊ. ಆ ತುಂಡು ತೆಗದ ಕೊಡು," ಎಂದಳು ಮಹೆಜಬೀನ.

"ನಿನ್ನ ರೋಮ್ ಭಾಳ ಲಗೂ ಬೀಳ್ತೈತಿ ನೋಡು. ಟೀಚರ್ ಎರಡ ಸಾವಿರ ವರ್ಷ ನಿಂತೈತಿ ಅಂದಿದ್ರು."

ಟೀಚರ್ ಹೇಳಿದ್ದು ಹೌದು. ಹಿಂದೆ ರೋಮ್‌ನವರು ಕಮಾನಿನ ಪಕ್ಕ ಕಮಾನು, ಅದರ ಮೇಲೆ ಮತ್ತೆ ಕಮಾನು ಕಟ್ಟಿ, ನೆತ್ತಿಯ ಮೇಲೆ ಕಾಲುವೆ ಹಾಯಿಸಿ, ದೂರದ ಗುಡ್ಡದ ನೀರನ್ನು ಊರಿಗೆ ತಂದಿದ್ದರಂತೆ. ಕೆಲವು ಕಡೆ ಕಲ್ಲುಗಳ ನಡುವೆ ಗಾರೆಯೇ ಇಲ್ಲ. ಪ್ರತಿ ಕಲ್ಲೂ ಮೇಲೆ ಅಗಲ, ಕೆಳಗೆ ಕಿರಿದು. ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ. ಕಟ್ಟುವಾಗ ಮಾತ್ರ ಕೆಳಗೊಂದು ಮರದ ಚೌಕಟ್ಟು. ನೆತ್ತಿಯ ನಡುಗಲ್ಲು ಕೂರಿಸಿದ ಮೇಲೆ ಚೌಕಟ್ಟು ತೆಗೆದರೂ ಕಮಾನು ಬೀಳುವುದಿಲ್ಲ.

"ನಾ ಗಮ್ ಹಚ್ಚದ ಮಾಡಿ ತೋರಸ್ತೇನ್ರಿ ಟೀಚರ್," ಎಂದು ಮಹೆಜಬೀನ ಇಡೀ ಕ್ಲಾಸಿನ ಮುಂದೆ ಹೇಳಿಬಿಟ್ಟಿದ್ದಳು. ನಾಳೆಯೇ ಪ್ರದರ್ಶನ.

ಅಷ್ಟು ಧೈರ್ಯ ಬಂದದ್ದು ಅಬ್ಬಾನಿಂದ. ಬಡಗಿ ಮೆಹಬೂಬ ಎಂದರೆ ದಾಂಡೇಲಿಯಲ್ಲಿ ಬಾಗಿಲು, ಕಪಾಟು ಮಾಡಿಸುವವರಿಗೆಲ್ಲ ಗೊತ್ತು. ಸಾಗವಾನಿ ಚೂರುಗಳನ್ನು ಅಳತೆಯಂತೆ ಕೊಯ್ದು ಕೊಟ್ಟವನು ಅವನೇ. ಕೊಯ್ದಷ್ಟಕ್ಕೆ ಬಿಡಲಿಲ್ಲ. ಶುಕ್ರವಾರವೆಲ್ಲ ಕೂತು ಪಾಲಿಶ್ ಪೇಪರಿನಿಂದ ಆರೂ ಮೈ ತಿಕ್ಕಿದ, ಎರಡೆರಡು ಸಲ ವಾರ್ನಿಶ್ ಹೊಡೆದ. "ಮೆಹಬೂಬನ ಮಗಳ ಪ್ರಾಜೆಕ್ಟ್ ಕೈ ಆಡಿಸಿದ್ರ ಬೆಣ್ಣಿ ಇದ್ದಂಗಿರಬೇಕು ಬೇಟಾ," ಎಂದಿದ್ದ.

"ಚೂರು ಗಮ್ ಹಚ್ಚಿಬಿಡು, ಯಾರಿಗೆ ಗೊತ್ತಾಗ್ತೈತಿ?" ಎಂದ ಕುಬೇರ.

"ಟೀಚರ್ ಬಿಚ್ಚಿ ತೋರಸು ಅಂತಾರ. ಆಗ ನೀ ಬಂದು ಬಿಚ್ಚತೀಯೇನು?"

ಹೊರಗೆ ಕಟ್ ಕಟ್ ಸದ್ದು ಕೇಳುತ್ತಿತ್ತು. ಕುಬೇರನ ಮನೆಗೆ ಹೊಸ ಖೋಲಿ ಕಟ್ಟುತ್ತಿದ್ದರು. ಗೌಂಡಿ ಲಗಮಪ್ಪನನ್ನೇ ಕೇಳೋಣ ಎಂದು ಇಬ್ಬರೂ ಎರಡು ತುಂಡು ಹಿಡಿದು ಹೋದರು. ಲಗಮಪ್ಪ ಸಿಮೆಂಟಿನ ನುಣುಪು ಕಂಬಕ್ಕೆ ಉಳಿ ಇಟ್ಟು ಹೊಡೆಯುತ್ತಿದ್ದ.

"ಕಾಕಾ, ಛಲೋ ಕಂಬಕ್ಕ ಯಾಕ ಗಾಯಾ ಮಾಡಾಕತ್ತೀರಿ?" ಎಂದು ಮಹೆಜಬೀನ ಕೇಳಿದಳು.

"ಗಾಯ ಅಲ್ಲವಾ, ಕಚ್ಚು ಹಾಕಾಕತ್ತೇನಿ. ಇಷ್ಟ ನುಣ್ಣಗಿದ್ರ ಪ್ಲಾಸ್ಟರ್ ಸರಕ್ಕನ ಜಾರತೈತಿ. ಒರಟ ಮಾಡಿದ್ರ ಗಟ್ಟಿ ಹಿಡಕೊಂತೈತಿ."

ಮಹೆಜಬೀನ ತನ್ನ ಕೈಯಲ್ಲಿದ್ದ ತುಂಡುಗಳನ್ನು ನೋಡಿದಳು. ಒಂದರ ಮೇಲೊಂದು ಇಟ್ಟು ತುಸು ವಾಲಿಸಿದಳು. ಮೇಲಿನದು ಮೀನಿನಂತೆ ಜಾರಿತು. ಕೇಳಲು ಬಂದ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

"ಮತ್ತೇನು, ನಾವೂ ಗೀಚಿಬಿಡೂಣು. ನಿಮ್ಮ ಮನ್ಯಾಗ ಅರ ಇರಬೇಕಲ್ಲ?" ಎಂದ ಕುಬೇರ.

ಮಹೆಜಬೀನ ಮನೆಗೆ ಬಂದು, ಮರ ಉಜ್ಜುವ ಕಬ್ಬಿಣದ ಅರವನ್ನು ಹುಡುಕಿ ತೆಗೆದಳು. ಒಂದು ತುಂಡಿನ ಮೇಲೆ ಇಟ್ಟಳು. ಅದರ ಹೊಳಪಿನಲ್ಲಿ ಅವಳ ಮುಖವೇ ಕಾಣುತ್ತಿತ್ತು. ಗೀಚಲು ಮನಸ್ಸಾಗದೆ ಅರವನ್ನು ಹಾಗೇ ಎತ್ತಿದಳು.

ಅಷ್ಟರಲ್ಲಿ ಅಬ್ಬಾ ಬಂದೇಬಿಟ್ಟ. ಅವಳು ಅರವನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ನಿಂತಿತೇನು ಬೇಟಾ?"

"ಇಲ್ಲ ಅಬ್ಬಾ."

"ಯಾಕ? ಅಳತಿ ತಪ್ಪೈತೇನು?"

"ಅಳತಿ ಬರೋಬ್ಬರಿ ಐತಿ. ತುಂಡು... ಭಾಳ ಛಂದ ಅದಾವ."

"ಛಂದ ಇದ್ರ ಬೀಳ್ತಾವೇನು?"

ಕುಬೇರನಿಗೆ ತಡೆಯಲಾಗಲಿಲ್ಲ. "ಕಾಕಾ, ನಿಮ್ಮ ಪಾಲಿಶ್‌ದಿಂದ ಜಾರಾಕತ್ತಾವ್ರಿ."

ಅಬ್ಬಾ ಎರಡು ತುಂಡು ಎತ್ತಿಕೊಂಡು ಒತ್ತಿ ನೋಡಿದ. ಸರ್ರೆಂದು ಜಾರಿದವು. ಇನ್ನೊಮ್ಮೆ ಒತ್ತಿದ. ಮಹೆಜಬೀನ ನೆಲ ನೋಡುತ್ತ ನಿಂತಳು. ಆಮೇಲೆ ಕೇಳಿಸಿದ್ದು ಅಬ್ಬಾನ ನಗು.

"ಇಪ್ಪತ್ತ ವರ್ಷದಾಗ ಪಾಲಿಶ್ ಛಲೋ ಆಗಿ ಕೆಲಸ ಕೆಟ್ಟಿದ್ದು ಇದ ಮೊದಲು. ಬೆನ್ನ ಹಿಂದಿಂದು ತಾ ಇಲ್ಲೆ."

ಅರ ಇಸಿದುಕೊಂಡ. ಆದರೆ ತಾನು ಗೀಚಲಿಲ್ಲ. ಪೆನ್ಸಿಲಿನಿಂದ ಗುರುತು ಹಾಕಿ ಅರವನ್ನು ಅವಳಿಗೇ ಕೊಟ್ಟ. "ಎದುರಿಗೆ ಕಾಣೂ ಮೈ ಬಿಡು. ಒಂದಕ್ಕೊಂದು ತಾಗ್ತಾವಲ್ಲ, ಆ ಮೈ ಅಷ್ಟ ಗೀಚು. ಕಮಾನಿನ ಕಾಲು ಊರೂ ಅಡಿ ಹಲಗಿಗೂ ಗೀಚು. ಜೋರ್ಲೆ ಗೀಚಬೇಕು. ನನ್ನ ಮಾರಿ ನೋಡಬ್ಯಾಡ."

ಆದರೂ ಅವಳು ಕದ್ದು ನೋಡಿದಳು. ಮೊದಲ ಗೀರು ಬಿದ್ದಾಗ ಅಬ್ಬಾ ಒಂದು ಕ್ಷಣ ಕಣ್ಣು ಮುಚ್ಚಿದ್ದ. ಎರಡನೆಯದಕ್ಕೆ ಮುಚ್ಚಲಿಲ್ಲ.

ಎಲ್ಲ ತುಂಡುಗಳೂ ಮತ್ತೆ ಚೌಕಟ್ಟಿನ ಮೇಲೆ ಏರಿದವು. ನಡುಗಲ್ಲು ಕೂತಿತು. ಮಹೆಜಬೀನ ಚೌಕಟ್ಟನ್ನು ಮೆಲ್ಲಗೆ ಎಳೆದಳು. ಕುಬೇರ ಎಣಿಸಲೆಂದು ತೆರೆದ ಬಾಯಿ ತೆರೆದೇ ಇತ್ತು.

ಕಮಾನು ನಿಂತಿತ್ತು. ಅಬ್ಬಾ ಅದರ ನೆತ್ತಿಯ ಮೇಲೆ ತನ್ನ ಸುತ್ತಿಗೆಯನ್ನೇ ಇಟ್ಟ. ಕಮಾನು ಇನ್ನಷ್ಟು ಬಿಗಿಯಾಯಿತು.

ಮರುದಿನ ಪ್ರದರ್ಶನದಲ್ಲಿ ಟೀಚರ್ ಮೂರು ದಪ್ಪ ಪುಸ್ತಕ ಹೇರಿದರೂ ಅದು ಅಲುಗಲಿಲ್ಲ. ಹೆಡ್ ಮಾಸ್ತರರು ಬಗ್ಗಿ ಬೆರಳಾಡಿಸಿದರು. "ಭಾರೀ ಪಾಲಿಶ್ ಐತಲ್ಲ, ಯಾರ ಕೆಲಸ ಇದು?"

"ನಮ್ಮ ಅಬ್ಬಾಂದ್ರಿ ಸರ್."

"ಹಂಗಾರ ನಿಂದೇನು?"

ಮಹೆಜಬೀನ ಬಾಗಿಲ ಕಡೆ ನೋಡಿದಳು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ನಿಂತಿದ್ದ ಅಬ್ಬಾ, ಬೇರೆ ಯಾರಿಗೂ ಕಾಣದಂತೆ ಗಾಳಿಯಲ್ಲೇ ಗೀಚಿ ತೋರಿಸಿದ.

"ಒಳಗ ಐತ್ರಿ ಸರ್," ಎಂದಳು ಅವಳು, ನಗು ತಡೆದುಕೊಂಡು. "ಹೊರಗ ಕಾಣಂಗಿಲ್ಲ."