ಗಟ್ಟಿ ಕಾರಣ

ಸೋಮವಾರ ಬೆಳಿಗ್ಗೆ ಏಳೂವರೆಗೆ ಲತಾ ಹರಿಹರದ ಠಾಣೆಗೆ ಬಂದಾಗ ಅವಳ ಕೈಗೆ ಇನ್ನೂ ಮಸಿ ಮೆತ್ತಿತ್ತು. ಮನೆ ಮುಂದೆ ನಿಲ್ಲಿಸಿದ್ದ ಸ್ಕೂಟರಿಗೆ ಯಾರೋ ಬೆಂಕಿ ಇಟ್ಟಿದ್ದರು. ಪಿಎಸ್‌ಐ ಮುಸರತ್ ದೂರು ಪಡೆದು ಎಫ್‌ಐಆರ್ ದಾಖಲಿಸಿದರು.

"ಯಾರ ಮೇಲೆ ಅನುಮಾನ?"

"ಇನ್ಯಾರು ಮೇಡಂ, ಪ್ರಶಾಂತನ ಕಡೇರು."

ಪ್ರಶಾಂತ ಹೋದ ವರ್ಷ ಅವಳ ಹೊಟ್ಟೆಗೆ ಚಾಕು ಹಾಕಿದ್ದವನು. ಜಾಮೀನಿನ ಮೇಲೆ ಹೊರಗಿದ್ದ. ಹರಿಹರದ ಕೋರ್ಟಿನಲ್ಲಿದ್ದ ಆ ವಿಚಾರಣೆಯನ್ನು ದಾವಣಗೆರೆಗೆ ವರ್ಗಾಯಿಸಬೇಕೆಂದು ಲತಾ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಳು. ಆಕೆಗೆ ಬೆದರಿಕೆ ಇದೆಯೇ ಇಲ್ಲವೇ ಎಂದು ಪೊಲೀಸರು ಶುಕ್ರವಾರದೊಳಗೆ ವರದಿ ಕೊಡಬೇಕಿತ್ತು.

ಒಂಬತ್ತಕ್ಕೆ ಸ್ಥಳ ಪಂಚನಾಮೆ. ಸ್ಕೂಟರಿನಲ್ಲಿ ಕಬ್ಬಿಣ ಮಾತ್ರ ಉಳಿದಿತ್ತು. ಕಿಟಕಿಯ ಸರಳಿಗೆ ಹಳದಿ ಬಟ್ಟೆಯ ಪುಟ್ಟ ಗಂಟು ಕಟ್ಟಿತ್ತು.

"ಇದೇನಮ್ಮ?"

"ಉಚ್ಚಂಗೆಮ್ಮನ ಗುಡ್ಡದ ಭಂಡಾರ, ಪೂಜೆ ಅರಿಶಿನ. ಗಾಡಿ ಹ್ಯಾಂಡಲಿಗೆ ಕಟ್ಟಿತ್ತು..." ಲತಾ ತಡವರಿಸಿದಳು. "ಇಲ್ಲಿಗೆ ಹೆಂಗೆ ಬಂತು?"

ಹೆಡ್ ಕಾನ್‌ಸ್ಟೆಬಲ್ ಹಾಲಸ್ವಾಮಿ ನಕ್ಕ. "ಬೆಂಕಿ ಹಚ್ಚಾಕ ಬಂದೋನು ದೇವರಿಗೆ ಬ್ಯಾರೆ ಮನೆ ಮಾಡಿಕೊಟ್ಟಾನೆ ಬಿಡ್ರಿ."

ಮುಸರತ್ ನಗಲಿಲ್ಲ. ಗಂಟನ್ನು ಯಾರೂ ಕಿತ್ತೆಸೆದಿರಲಿಲ್ಲ. ನಿಧಾನವಾಗಿ ಬಿಚ್ಚಿ, ಈ ಮನೆಯನ್ನು ಅದು ಇನ್ನೂ ಕಾಯಬೇಕು ಎಂಬಂತೆ ಬಿಗಿಯಾಗಿ ಕಟ್ಟಿದ್ದರು.

"ಗುಡ್ಡಕ್ಕೆ ಹೋಗಿ ತಂದುಕೊಟ್ಟೋರು ಯಾರು?"

"ನಮ್ಮ ಸೋದರಮಾವ. ತೋಟಪ್ಪ."

ಹತ್ತಿರದ ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಿದ ಮೇಲೆ, ಮಂಗಳವಾರ ತೋಟಪ್ಪನನ್ನು ಠಾಣೆಗೆ ಕರೆಸಿದರು. ಲತಾ ಜೊತೆಗೇ ಬಂದಳು.

"ನಿಮಗೆ ಗಾಡಿ ಐತೇನ್ರಿ?"

"ಇಲ್ರಿ."

"ಮತ್ತೆ ಬಾಟಲಿಗೆ ಪೆಟ್ರೋಲ್ ಯಾಕ ಹಾಕಿಸಿದ್ರಿ? ಕುಡಿಯಾಕ?"

ತೋಟಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಗಾಡಿ ಸುಡಬೌದು ಮೇಡಂ. ಅಮ್ಮನ್ನ ಹೆಂಗೆ ಸುಡ್ಲಿ?"

"ಮಾವ!" ಲತಾ ಕಿರುಚಿದಳು. "ನನ್ನ ಕೇಸಿಗೇ ಬೆಂಕಿ ಇಟ್ಟೆಲ್ಲ! ಇನ್ನು ನನ್ನ ಮಾತು ಯಾರು ನಂಬ್ತಾರೆ?"

ಸಂಜೆ ನಾಲ್ಕಕ್ಕೆ ಬಂಧನ. ಆರಕ್ಕೆ ಠಾಣಾ ಜಾಮೀನು. ಲತಾ ಹೊರಗಿನ ಕಟ್ಟೆಯಿಂದ ಏಳಲೇ ಇಲ್ಲ. ಮುಸರತ್ ಅವಳ ಬಳಿ ಬಂದು ನಿಂತರು.

"ಬೆಂಕಿ ಸುಳ್ಳು. ಬೆದರಿಕೆನೂ ಸುಳ್ಳಾ?"

"ಇಲ್ಲ ಮೇಡಂ."

"ಹಂಗಾರೆ ಅದನ್ನ ಹುಡುಕ್ತೀನಿ."

ಬುಧವಾರ ಅವರು ಕೋರ್ಟಿನ ರಸ್ತೆಯಲ್ಲಿ ಅಂಗಡಿ ಅಂಗಡಿ ವಿಚಾರಿಸಿದರು. ಚಹಾದಂಗಡಿಯ ಸರ್ವಮಂಗಳಮ್ಮ ಲೋಟ ತೊಳೆಯುತ್ತಲೇ ಹೇಳಿಕೆ ಕೊಟ್ಟಳು.

"ವಾಯಿದೆ ದಿನ ಆ ಹುಡುಗಿ ಹಿಂದೆ ಬೈಕಿನಾಗ ಬರ್ತಾರ್ರಿ. ಹೊಟ್ಟೆ ಮುಟ್ಟಿ ತೋರಿಸಿ ನಗ್ತಾರ."

"ಯಾಕ ಹೇಳಲಿಲ್ಲ?"

"ನೀವು ಇಲ್ಲಿಗೆ ಚಾ ಕುಡಿಯಾಕ ಬರ್ತೀರಿ. ಕೇಳಾಕ ಬಂದಿದ್ದು ಇವತ್ತೇ."

ಪಕ್ಕದ ಜೆರಾಕ್ಸ್ ಅಂಗಡಿಯ ಕ್ಯಾಮೆರಾದಲ್ಲಿ ಬೈಕೂ ಇತ್ತು, ನಗುವೂ ಇತ್ತು. ಪ್ರಶಾಂತನ ಇಬ್ಬರು ಗೆಳೆಯರ ಮೇಲೆ ಪ್ರಕರಣ ದಾಖಲಾಯಿತು. ಮಾವ ಇಟ್ಟ ಬೆಂಕಿ, ಗೆಳೆಯರ ಬೆದರಿಕೆ, ಎರಡನ್ನೂ ಮುಸರತ್ ವರದಿಯಲ್ಲಿ ಬರೆದರು. ಮರುವಾರ ಆದೇಶ ಬಂತು: ವಿಚಾರಣೆ ದಾವಣಗೆರೆಗೆ.

ಜಾಮೀನಿನ ಷರತ್ತಿನಂತೆ ಠಾಣೆಗೆ ಸಹಿ ಹಾಕಲು ಬಂದಿದ್ದ ತೋಟಪ್ಪನಿಗೆ ಹಾಲಸ್ವಾಮಿಯೇ ಸುದ್ದಿ ಹೇಳಿದ. ತೋಟಪ್ಪ ಪೆನ್ನು ಕೆಳಗಿಟ್ಟು ಬೆಂಚಿನ ಮೇಲೆ ಕೂತ.

ಹಿಂದಿನ ವಾಯಿದೆಯಲ್ಲಿ ಸಾಕ್ಷಿಕಟ್ಟೆ ಹತ್ತಿದ ಲತಾಳಿಗೆ ತನ್ನ ಹೆಸರು ಹೇಳಲೂ ಬಾಯಿ ಬಂದಿರಲಿಲ್ಲ. ವರ್ಗಾವಣೆಗೆ ಗಟ್ಟಿ ಕಾರಣ ಬೇಕು ಎಂದಿದ್ದರು ವಕೀಲರು. ಸೋದರಸೊಸೆಯ ಆ ಮೌನಕ್ಕಿಂತ ಗಟ್ಟಿಯಾದದ್ದು ಏನಿರಬಹುದೆಂದು ತೋಟಪ್ಪ ಮೂರು ದಿನ ಯೋಚಿಸಿದ್ದ. ಕೊನೆಗೆ ಬಾಟಲಿ ಹಿಡಿದು ಬಂಕಿಗೆ ಹೋಗಿದ್ದ.