ಹನ್ನೆರಡನೇ ಟೊಪ್ಪಿ

"ಇದನ್ನ ಯಾರು ಬಿಚ್ಚಿದ್ದು?"

ಗಿರಾಕಿ ಕೇಳಿದ್ದು ಮೆಲ್ಲಗೇ. ಆದರೂ ಅಂಗಡಿಯ ಒಳಗೆ ಚರ್ಮ ಕತ್ತರಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಮೇಜಿನ ಮೇಲೆ ಒಂದು ಹಳೇ ಚರ್ಮದ ಟೊಪ್ಪಿ ಇತ್ತು. ಯುದ್ಧದ ಕಾಲದಲ್ಲಿ ಹಡಗಿನ ಮೇಲಿಂದ ವಿಮಾನ ಹಾರಿಸುತ್ತಿದ್ದ ನೌಕಾಪಡೆಯ ಪೈಲಟ್‌ಗಳು ತಲೆಗೆ ಬಿಗಿಯಾಗಿ ಹಾಕಿಕೊಳ್ಳುತ್ತಿದ್ದರಲ್ಲ, ಕಿವಿಯ ಮೇಲೆ ಉಬ್ಬಿದ ಬಟ್ಟಲು ಇರೋದು, ಅಂಥದ್ದು.

ಮೂರು ದಿನ ಕೂತು ಅದಕ್ಕೆ ಜೀವ ಕೊಟ್ಟಿದ್ದಳು ಅವಳು. ಹರಿದ ಗದ್ದದ ಪಟ್ಟಿ ಹೊಲಿದು, ಒಣಗಿದ ಚರ್ಮಕ್ಕೆ ಎಣ್ಣೆ ಕುಡಿಸಿದ್ದಳು. ಒಳಗೆ ಬಲಗಿವಿಯ ಹಿಂದೆ ಯಾರೋ ಅಡ್ಡಾದಿಡ್ಡಿ ಹೊಲಿದಿದ್ದ ಬಟ್ಟೆಯ ತುಂಡು ಬಿಚ್ಚಿ, ಹೊಸ ಮೆತ್ತೆ ಅಂಟಿಸಿದ್ದಳು. ಹೊಗಳುತ್ತಾನೆ ಅಂದುಕೊಂಡಿದ್ದಳು ಪಾಪ!

"ನಾನೇ ಬಿಚ್ಚಿದ್ದು. ಯಾಕೆ, ಕೆಲಸ ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಅದೇ ತೊಂದರೆ." ಆತ ಅಂಗಡಿಯಲ್ಲೇ ಬರೆದುಕೊಟ್ಟಿದ್ದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಕೆಲಸ ಅನ್ನೋ ಜಾಗದಲ್ಲಿ ಎರಡೇ ಪದ ಇದ್ದವು: ಪಟ್ಟಿ ಮಾತ್ರ. "ಇದನ್ನ ನೀವೇ ಇಟ್ಕೊಳ್ಳಿ. ಈಗ ಇದು ಬರೀ ಟೊಪ್ಪಿ."

ಅಷ್ಟೇ ಹೇಳಿ ಹೊರಟೇಹೋದ.

ಆ ಬೀದಿಯಲ್ಲಿ ಎಲ್ಲರೂ ಅವಳನ್ನ ಕರೆಯೋದು 'ದಬ್ಬಣ' ಅಂತ. ಚರ್ಮ ಹೊಲಿಯೋ ದಪ್ಪ ಸೂಜಿ ಅವಳ ಕೈಯಲ್ಲೂ ಇತ್ತು, ನಾಲಿಗೆಯಲ್ಲೂ ಇತ್ತು. ಆತ ಕೂಗಾಡಿದ್ದರೆ ಎರಡು ಮಾತು ಜಾಸ್ತಿಯೇ ವಾಪಸ್ ಕೊಡುತ್ತಿದ್ದಳು. ಆದರೆ ಆತನ ಕಣ್ಣಲ್ಲಿ ನೀರಿತ್ತು.

ಬಾಗಿಲ ಪಕ್ಕ ಕೂತು ಬಕಲ್ಲು ಉಜ್ಜುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದರು, ಪಟ್ಟಿ ಮಾತ್ರ ಅಂದರೆ ಪಟ್ಟಿ ಮಾತ್ರ, ನಿಮ್ಮಪ್ಪನ ಚಾಳಿಯೇ ನಿನಗೂ ಬಂದಿದೆ ಅಂತ. ಕೈಗೆ ಬಂದ ಸಾಮಾನು ಅರ್ಧ ಗುಣವಾಗಿ ವಾಪಸ್ ಹೋಗಬಾರದು ಅನ್ನೋದು ತೀರಿಕೊಂಡ ಅಪ್ಪನ ಮಾತು. ಅದನ್ನೇ ಅವಳು ಇಷ್ಟು ವರ್ಷ ವೇದವಾಕ್ಯ ಅಂತ ನಂಬಿದ್ದಳು.

ಅಪ್ಪನದು ಇನ್ನೊಂದು ಪದ್ಧತಿಯೂ ಇತ್ತು. ಗಿರಾಕಿಯ ಸಾಮಾನಿನಿಂದ ಏನೇ ತೆಗೆದರೂ, ಅದು ತುಕ್ಕು ಹಿಡಿದ ಮೊಳೆಯೇ ಆಗಲಿ, ಒಂದು ಕವರಿಗೆ ಹಾಕಿ ಚೀಟಿ ನಂಬರ್ ಬರೆದು ಒಂದು ವರ್ಷ ಇಡಬೇಕು. ಅವಳು ಡ್ರಾಯರ್ ಎಳೆದಳು. ಕವರ್ ಅಲ್ಲೇ ಇತ್ತು. ಅದರೊಳಗೆ ಸುಕ್ಕುಸುಕ್ಕಾದ ದಾರ ಮತ್ತು ಬಣ್ಣ ಹೋದ ಬಟ್ಟೆಯ ತುಂಡು ಇದ್ದವು.

ಮಾರನೇ ದಿನ ಆ ಕವರ್ ಹಿಡಿದು, ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೊರಟಳು. ಕ್ಷಮೆ ಕೇಳೋಕೋ, ಜಗಳ ಆಡೋಕೋ ಅವಳಿಗೇ ಗೊತ್ತಿರಲಿಲ್ಲ.

ಆತ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಬಾಗಿಲು ತೆಗೆದದ್ದು ಅವನ ಅಜ್ಜಿ. ಜ್ವರ ಅಂತ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದರು. ಕಣ್ಣು ಹೆಚ್ಚುಕಮ್ಮಿ ಕಾಣುತ್ತಿರಲಿಲ್ಲ, ಗೋಡೆ ಸವರಿಕೊಂಡು ಓಡಾಡುತ್ತಿದ್ದರು. "ಚರ್ಮದ ವಾಸನೆ ಬರ್ತಿದೆ. ಅಂಗಡಿ ಹುಡುಗೀನಾ? ಬಾ ಒಳಗೆ," ಅಂದರು.

ಒಳಕೋಣೆ ನೋಡಿ ಅವಳು ಬೆರಗಾಗಿ ನಿಂತಳು. ಕಪಾಟಿನ ತುಂಬ ಮರದ ತಲೆಗಳು, ಒಂದೊಂದಕ್ಕೂ ಒಂದೊಂದು ಪೈಲಟ್ ಟೊಪ್ಪಿ. ಎಣಿಸಿದರೆ ಹನ್ನೊಂದು. ಕೆಳಗಿನ ಸಾಲಿನಲ್ಲಿ ಗಾಜು ಮಬ್ಬಾದ ಕನ್ನಡಕಗಳು, ಬೆರಳು ಸವೆದ ಕೈಗವಸುಗಳು, ನೀರಿಗೆ ಬಿದ್ದರೆ ಗಾಳಿ ತುಂಬಿ ತೇಲಿಸೋ ಹಳದಿ ಅಂಗಿಗಳು. ಯಾವುದಕ್ಕೂ ಪಾಲಿಶ್ ಇಲ್ಲ. ಕಲೆ, ಬೆವರಿನ ಗುರುತು, ಹರಕು ಎಲ್ಲ ಹಾಗೇ ಇದ್ದವು.

ಅಜ್ಜಿಯೇ ಕೂತು ಕಥೆ ಹೇಳಿದರು. ಅವರ ಯಜಮಾನರು ಯುದ್ಧದಲ್ಲಿ ನೌಕಾಪಡೆಯ ಪೈಲಟ್. ಟೊಪ್ಪಿ ಬಲಗಿವಿಗೆ ಒತ್ತಿ ಹುಣ್ಣಾಗುತ್ತಿತ್ತಂತೆ. ಮದುವೆಯಾದ ಹೊಸತರಲ್ಲಿ ಅಜ್ಜಿ ಅಲ್ಲಿಗೆ ಒಂದು ಮೆತ್ತನೆ ಬಟ್ಟೆ ಹೊಲಿದುಕೊಟ್ಟಿದ್ದರು. ಯುದ್ಧ ಮುಗಿದು ಅವರು ಜೀವಂತ ಬಂದರು. ಮುಂದೆ ಯಾವಾಗಲೋ ಮನೆ ಬದಲಾಯಿಸುವಾಗ ಟೊಪ್ಪಿಯಿದ್ದ ಟ್ರಂಕೇ ಗುಜರಿಗೆ ಹೋಯಿತು. ಅವರು ತೀರಿಕೊಂಡ ಮೇಲೆ ಅಜ್ಜಿ ಒಂದೇ ಒಂದು ಸಲ ಅಂದಿದ್ದರಂತೆ, ಆ ಟೊಪ್ಪಿಯಾದರೂ ಇರಬೇಕಿತ್ತು ಅಂತ.

ಆ ಒಂದು ಮಾತು ಹಿಡಿದು ಮೊಮ್ಮಗ ಹತ್ತು ವರ್ಷದಿಂದ ಊರೂರು ಅಲೆದು ಟೊಪ್ಪಿ ಕೂಡಿಸುತ್ತಿದ್ದ. ತಂದಾಗಲೆಲ್ಲ ಅಜ್ಜಿ ಬಲಗಿವಿಯ ಹಿಂದೆ ಬೆರಳಾಡಿಸಿ ನೋಡೋದು, "ಅಲ್ಲ" ಅನ್ನೋದು. ಹನ್ನೊಂದು ಸಲ ಅಲ್ಲ ಅಂದಿದ್ದರು.

ಅವಳಿಗೆ ಆಗ ಅರ್ಥವಾಯಿತು. ಕಿವಿಯ ಹಿಂದೆ ಬಟ್ಟೆ ಇದ್ದ ಮೊದಲ ಟೊಪ್ಪಿಯೇ ತಾನು ಬಿಚ್ಚಿದ ಹನ್ನೆರಡನೆಯದು! ಅಜ್ಜಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಪಟ್ಟಿಯೊಂದು ಗಟ್ಟಿಯಾಗಿರಲಿ ಅಂತ ಆತ ಅಂಗಡಿಗೆ ಕೊಟ್ಟಿದ್ದ.

ಮುಚ್ಚಿಡೋಕೆ ಅವಳಿಗೆ ಮನಸ್ಸು ಬರಲಿಲ್ಲ. ತಾನು ಮಾಡಿದ್ದನ್ನೆಲ್ಲ ಅಜ್ಜಿಗೆ ಹೇಳಿ, ಕವರಿನಲ್ಲಿದ್ದದ್ದನ್ನು ಅವರ ಅಂಗೈಗೆ ಸುರಿದಳು. ಅಜ್ಜಿ ಬಟ್ಟೆ ಉಜ್ಜಿ ನೋಡಿದರು, ದಾರ ತೀಡಿ ನೋಡಿದರು. ಮೆತ್ತನೆ ಬಟ್ಟೆ ಎಲ್ಲ ಹೀಗೇ ಇರುತ್ತೆ, ಬಿಚ್ಚಿದ ದಾರ ಬರೀ ದಾರ, ಹೊಲಿಗೆ ಇದ್ದಿದ್ದರೆ ಹೇಳುತ್ತಿದ್ದೆ ಅಂದರು.

"ಅಜ್ಜಿ, ದಾರ ಬಿಚ್ಚಿದ್ರೂ ಚರ್ಮದಲ್ಲಿ ತೂತು ಹೋಗಲ್ಲ. ಅದೇ ದಾರನ ಅದೇ ತೂತಲ್ಲಿ ವಾಪಸ್ ಹಾಕ್ತೀನಿ. ಒಂದು ತೂತೂ ಹೊಸದು ಮಾಡಲ್ಲ. ಆಮೇಲೆ ನಿಮ್ಮ ಬೆರಳೇ ಹೇಳಲಿ."

ಸಂಜೆ ಮನೆಗೆ ಬಂದ ಆತ ಇದನ್ನು ಕೇಳಿ, ಇನ್ನೊಂದು ಸಲ ಅವಳು ಆ ಟೊಪ್ಪಿ ಮುಟ್ಟೋದು ಬೇಡ ಅಂದ. ಮುಟ್ಟಲಿ, ನನ್ನ ಕಣ್ಣೆದುರೇ ಮುಟ್ಟಲಿ ಅಂದರು ಕಣ್ಣು ಕಾಣದ ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು.

ಮೊದಲ ಭಾನುವಾರ ಅವಳು ಟೊಪ್ಪಿ ತಂದಾಗ ಆತ ಪರೀಕ್ಷೆಗೆ ಕಾವಲು ಕೂತವನ ಹಾಗೆ ಎದುರು ಕೂತ. ಅವಳು ಅಂಟಿಸಿದ್ದ ಮೆತ್ತೆಯನ್ನು ನಾಜೂಕಾಗಿ ಎಬ್ಬಿಸಿದಳು. ಆತ ಭೂತಗನ್ನಡಿ ಹಿಡಿದು ತೂತು ಎಣಿಸಿ, ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡ. ಮೂವತ್ತೊಂದು ತೂತು ಇದ್ದವು.

ಎರಡನೇ ಭಾನುವಾರ ಆತನೇ ಚಹಾ ಮಾಡಿ ತಂದ. ಮೇಷ್ಟ್ರ ಚಹಾ ಅಂದರೆ ಕೇಳಬೇಕೇ... ಸಕ್ಕರೆಯೇ ಇರಲಿಲ್ಲ. ನಕ್ಷೆ ಬರೆಯೋರಿಗೆ ಸಕ್ಕರೆ ಡಬ್ಬಿಗೆ ದಾರಿ ಗೊತ್ತಾಗಲಿಲ್ವಾ ಅಂದಳು ದಬ್ಬಣ. ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ಆತನೂ ನಕ್ಕ, ಮೊದಲ ಸಲ. ಕಲೆಗಳನ್ನು ಯಾಕೆ ತೊಳೆಯಬಾರದು ಅಂತ ಅವತ್ತು ಆತ ವಿವರಿಸಿದ. ಒಬ್ಬ ಮನುಷ್ಯ ಇದರೊಳಗೆ ಬೆವರಿದ್ದಾನೆ, ಹೆದರಿದ್ದಾನೆ, ಅದನ್ನು ತೊಳೆದು ಹಾಕೋಕೆ ನಾವ್ಯಾರು ಅಂದ. ಅವಳು ಆ ಮಾತನ್ನು ಮನೆತನಕ ಹೊತ್ತುಕೊಂಡು ಹೋದಳು.

ನಿಜ ಹೇಳಬೇಕೆಂದರೆ ಅದು ಒಂದು ಬೆಳಗಿನ ಕೆಲಸ. ಅದಕ್ಕೆ ಮೂರು ವಾರ ಯಾಕೆ ಬೇಕಾಯಿತು ಅಂತ ಅಲ್ಲಿ ಯಾರೂ ಕೇಳಲಿಲ್ಲ.

'ಇದೇ ಆ ಟೊಪ್ಪಿಯಾಗಿರಲಿ... ಇವರ ಮುಖದಲ್ಲಿ ಆ ನಗು ಉಳಿಯಲಿ,' ಅಂತ ಅವಳು ಮನಸ್ಸಲ್ಲೇ ಬೇಡಿಕೊಂಡಳು.

ಮೂರನೇ ಭಾನುವಾರ ದಾರ ಪೋಣಿಸೋಕೆ ಕೂತಳು. ಹಳೇ ದಾರದಲ್ಲಿ ಮಡಿಕೆಗಳು ಹಾಗೇ ಇದ್ದವು. ಒಂದೊಂದೇ ಮಡಿಕೆಯನ್ನು ಅದರ ತೂತಿಗೆ ಹೊಂದಿಸುತ್ತ ಹೋದ ಹಾಗೆ ಅವಳ ಮುಖ ಬಾಡಿತು. ಬಲಗೈಯವರು ಹೊಲಿದರೆ ಹೊಲಿಗೆ ಬಲಕ್ಕೆ ವಾಲುತ್ತೆ, ಎಡಗೈಯವರದು ಎಡಕ್ಕೆ. ಇದು ಎಡಗೈ ಹೊಲಿಗೆ. ಕಿಟಕಿಯ ಹತ್ತಿರ ಕೂತ ಅಜ್ಜಿ ಬಟಾಣಿ ಬಿಡಿಸುತ್ತಿದ್ದರು, ಬಲಗೈಯಲ್ಲಿ. ಲೋಟ ಹಿಡಿದಿದ್ದು, ಕೋಲು ಹಿಡಿದಿದ್ದು, ಎಲ್ಲ ಬಲಗೈಯೇ.

ಅವಳು ಆತನನ್ನು ಅಡುಗೆಮನೆಗೆ ಕರೆದು, ಇದು ಅಜ್ಜಿಯ ಕೈ ಅಲ್ಲ ಅಂತ ಮೆಲ್ಲಗೆ ಹೇಳಿದಳು.

ಆತ ನೆಲ ನೋಡುತ್ತ ಕೇಳಿದ.

"ಅದನ್ನ ಅಜ್ಜಿಯ ಹೊಲಿಗೆ ಥರ ಹಾಕೋಕೆ ಆಗುತ್ತಾ? ಬಲಕ್ಕೆ ವಾಲಿಸಿ?"

ಅವಳಿಗೆ ತನ್ನ ಕಿವಿಯನ್ನೇ ನಂಬೋಕಾಗಲಿಲ್ಲ. ಆತ ಹೇಳುತ್ತಲೇ ಹೋದ. ಆಸ್ಪತ್ರೆಯಿಂದ ಬಂದಮೇಲೆ ಅಜ್ಜಿ ಸೋತಿದ್ದಾರೆ, ಇನ್ನು ಹತ್ತು ವರ್ಷ ಹುಡುಕೋಕೆ ಟೈಮ್ ಇಲ್ಲ, ಒಂದೇ ಒಂದು ಸಲ ಹೌದು ಅಂದರೆ ಸಾಕು...

"ಅವತ್ತು ನೀವು ಅಂಗಡಿಗೆ ಬಂದು ಕೇಳಿದ್ದು ಇದನ್ನೇ ಅಲ್ವಾ, ಯಾರು ಬಿಚ್ಚಿದ್ದು ಅಂತ? ನಾನು ಗೊತ್ತಿಲ್ದೆ ಬಿಚ್ಚಿದೆ. ನೀವು ಗೊತ್ತಿದ್ದೂ ಬಿಚ್ಚಿ ಅಂತಿದ್ದೀರ."

"ಹೊರಗಿನವರಿಗೆ ಇದೆಲ್ಲ ಹೇಳೋದು ಸುಲಭ."

ಹೊರಗಿನವರು. ಮೂರು ಭಾನುವಾರ ಆ ಮನೆಯ ನೆಲದ ಮೇಲೆ ಕೂತವಳಿಗೆ ಆ ಮಾತು ಚುಚ್ಚಿತು. ಮಾತು ಆಡಿದರೆ ಹೋಯಿತು ಅನ್ನೋದು ಆತನಿಗೂ ಆ ಕ್ಷಣವೇ ತಿಳಿಯಿತು, ಆದರೆ ಅಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.

ಅವಳಿಗೆ ಅಳು ಬರುತ್ತಿತ್ತು. ಬಲಕ್ಕೆ ವಾಲಿಸಿದ್ದರೆ ಅಜ್ಜಿಯೂ ಖುಷಿ, ಆತನೂ ತನ್ನವನೇ ಆಗುತ್ತಿದ್ದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೂವತ್ತೊಂದು ತೂತಿಗೂ ದಾರವನ್ನು ಅದು ಮೊದಲಿದ್ದ ಹಾಗೇ, ಎಡಗೈಯ ಓರೆಯಲ್ಲೇ ಕೂರಿಸಿ ಟೊಪ್ಪಿಯನ್ನು ಅಜ್ಜಿಯ ಮಡಿಲಲ್ಲಿಟ್ಟಳು.

ಅಜ್ಜಿಯ ಬೆರಳು ನಿಧಾನವಾಗಿ ಹೋಯಿತು, ಬಂತು, ಇನ್ನೊಂದು ಸಲ ಹೋಯಿತು. ಆತ ಬಾಗಿಲಿಗೆ ಬಂದು ನಿಂತ.

"ಅಲ್ಲ ಕಂದ," ಅಂದರು ಅಜ್ಜಿ. "ಯಾರೋ ಎಡಗೈಯವಳು. ದಾರ ಎಷ್ಟು ಬಿಗಿ ಎಳೆದಿದ್ದಾಳೆ ನೋಡು. ಗಂಡ ಹೊರಟು ನಿಂತಿದ್ದ ಅಂತ ಕೋಪ ಇತ್ತೇನೋ."

ಆಮೇಲೆ ಬಾಗಿಲ ಕಡೆ ತಿರುಗಿದರು.

"ಕಣ್ಣು ಹೋಗಿದೆ ಕಣೋ, ಕಿವಿ ಹೋಗಿಲ್ಲ. ಬೇರೆಯವಳ ಗಂಡನ ಟೊಪ್ಪೀನ ನನ್ನ ಯಜಮಾನ್ರದು ಅಂತ ಕೊಡಿಸ್ತಿದ್ದೆಯಾ? ಸಿಗದಿದ್ರೆ ಬೇಡ. ಹನ್ನೆರಡು ಸಲ ನೀನು ನನ್ನ ಪಕ್ಕ ಕೂತೆಯಲ್ಲ, ಅವರ ಕಥೆ ಕೇಳ್ತಾ... ನನಗೆ ಸಿಕ್ಕಿದ್ದು ಅದೇ."

ಆತ ಅಜ್ಜಿಯ ಮಡಿಲಿಗೆ ತಲೆಯಿಟ್ಟ. ಅವಳು ಸದ್ದಿಲ್ಲದೆ ದಬ್ಬಣ, ಕತ್ತರಿ ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದಳು. ಕೆಲಸ ಮುಗಿದಿತ್ತು. ಹೊರಗಿನವರಿಗೆ ಇನ್ನೇನು ಕೆಲಸ ಅಲ್ಲಿ?

ನಾಲ್ಕು ದಿನ ಯಾರೂ ಬರಲಿಲ್ಲ. ಅವಳು ಒಂದು ಚೀಲದ ಹಿಡಿಯನ್ನು ತಲೆಕೆಳಗು ಹೊಲಿದಳು. ಅಮ್ಮ ಅದನ್ನು ನೋಡಿ ಪಕ್ಕಕ್ಕೆ ಎತ್ತಿಟ್ಟರು. ಮಗಳ ನಾಲಿಗೆ ನಾಲ್ಕು ದಿನದಿಂದ ಮೊಂಡಾಗಿರೋದು ಅವರಿಗೆ ಅದಕ್ಕಿಂತ ದೊಡ್ಡ ಚಿಂತೆ.

ಐದನೇ ದಿನ ಬೆಳಗ್ಗೆ ಆತ ಬಂದ. ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿತ್ತು. ಕೈಯಲ್ಲಿ ಟೊಪ್ಪಿ ಇರಲಿಲ್ಲ. ಅಮ್ಮನಿಗೆ ನಮಸ್ಕಾರ ಹೇಳಿ, ಒಂದು ಖಾಲಿ ಚೀಟಿ ಕೇಳಿದ. ಅಮ್ಮ ಚೀಟಿ ಕೊಟ್ಟು, ಪಕ್ಕದ ಅಂಗಡಿಯಲ್ಲಿ ಅರ್ಜೆಂಟಾಗಿ ಏನೋ ಕೆಲಸವಿದೆ ಅಂತ ಎದ್ದು ಹೋದರು. ಇಷ್ಟು ವರ್ಷದಲ್ಲಿ ಅವರಿಗೆ ಅಲ್ಲಿ ಯಾವ ಕೆಲಸವೂ ಇದ್ದಿರಲಿಲ್ಲ.

"ಆ ಎಡಗೈ ಹೊಲಿಗೆಯವರ ಮನೆಯವರು ಯಾರಾದ್ರೂ ಇದ್ರೆ ಹುಡುಕೋಣ ಅಂತಿದ್ದಾರೆ ಅಜ್ಜಿ," ಅಂದ ಆತ. "ಅವರೂ ಕಾಯ್ತಿರಬಹುದು ಅಂತ. ನಾನೊಬ್ಬನೇ ಹೊರಟ್ರೆ ಮತ್ತೆ ಎಲ್ಲಾದ್ರೂ ಸುಳ್ಳು ಹೊಲಿಸ್ಕೊಂಡು ಬರ್ತೀನಂತೆ. ನೀವು ಜೊತೆಗಿರಬೇಕಂತೆ."

"ಅದು ಅಜ್ಜಿ ಮಾತು. ನಿಮ್ಮದೇನು?"

ಆತ ತೋಳಿನ ಸೀಮೆಸುಣ್ಣ ಒರೆಸಿಕೊಂಡ. "ಅವತ್ತು ಹೊರಗಿನವರು ಅಂದೆ. ನೀವು ಅಜ್ಜೀನ ನನಗಿಂತ ಒಳಗಿನಿಂದ ನೋಡಿದ್ರಿ. ನನ್ನನ್ನೂ... ತಪ್ಪಾಯ್ತು. ನೀವು ಇಲ್ಲದ ಭಾನುವಾರ ನನಗೆ ಬೇಡ."

ಅವಳು ಚೀಟಿ ಎಳೆದುಕೊಂಡು, ಪೆನ್ನು ತೆಗೆದು, ಗಿರಾಕಿಗಳನ್ನು ಕೇಳೋ ಹಾಗೇ ಕೇಳಿದಳು.

"ಸಾಮಾನು ಏನು?"

"ಎದುರಿಗಿದೆಯಲ್ಲ. ಹಳೇದು, ಅಲ್ಲಲ್ಲಿ ಹರಿದಿದೆ."

"ಪಟ್ಟಿ ಮಾತ್ರನಾ?"

"ಅಲ್ಲ. ಈ ಸಲ ಎಲ್ಲಾ ನೋಡಿ."

ಅವಳ ತುಟಿಯಲ್ಲಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಪೆನ್ನು ಕೊನೆಯ ಸಾಲಿನ ಮೇಲೆ ನಿಂತಿತು.

"ವಾಪಸ್ ಯಾವತ್ತು ಬೇಕು?"

"ವಾಪಸ್ ಬೇಡ," ಅಂದ ಆತ. "ನೀವೇ ಇಟ್ಕೊಳ್ಳಿ."