ಬಾಣಂತಿ ಕೋಣೆಯ ಅಲಾರಂ

ಕಿವಿ ಸೀಳುವಂಥ ಸದ್ದು... ಆಗಷ್ಟೇ ನಿದ್ದೆ ಹತ್ತಿದ್ದ ಹಸುಗೂಸು ಬೆಚ್ಚಿಬಿದ್ದು ಅಳತೊಡಗಿತು.

"ಮಗು ಮಲಗಿದ್ದು ಕಾಣುವುದಿಲ್ವಾ ನಿಮಗೆ?" ನಾಝಿಯಾ ಕೋಣೆಯೊಳಗೆ ನುಗ್ಗಿದಳು.

ಕುರ್ಚಿಯ ಮೇಲೆ ನಿಂತಿದ್ದ ಹಾಶಿಮ್ ಗೋಡೆಯ ಬಿಳಿ ಪೆಟ್ಟಿಗೆಯಿಂದ ಕೈ ತೆಗೆದ. "ಸಾರಿ. ಟೆಸ್ಟ್ ಬಟನ್ ಒತ್ತಿದ್ದು. ಸದ್ದು ಬರದಿದ್ರೆ ಇದನ್ನು ಹಾಕಿ ಪ್ರಯೋಜನ ಇಲ್ಲ."

ದೂರದ ಅಬುಧಾಬಿಯ ಮದೀನತ್ ಜಾಯೆದ್‌ನಲ್ಲಿ ಕೆಲಸ ಮಾಡುತ್ತಿದ್ದ ನಾಝಿಯಾಳ ಅಣ್ಣ ತೌಫೀಕ್ ವಾರಕ್ಕೊಮ್ಮೆಯಷ್ಟೇ ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ಈ ಮನೆಗೆ ಬರುತ್ತಿದ್ದ. ಬಾಣಂತಿ ಹೆಂಡತಿ ಮಿನ್ಹಾ, ಮಗು, ಊರಿನಿಂದ ಬಂದ ಉಮ್ಮ ಜಮೀಲ, ತಂಗಿ ನಾಝಿಯಾ... ಎಲ್ಲರೂ ಇರುವ ಮನೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಕೊಡಲು ಗೆಳೆಯ ಹಾಶಿಮ್‌ನನ್ನು ಅವನೇ ಕಳಿಸಿದ್ದ. ಬರ್ ದುಬೈಯಲ್ಲಿ ಹಾಶಿಮ್‌ಗೆ ಇಂಥ ಸಾಮಾನುಗಳ ಅಂಗಡಿ ಇತ್ತು.

ಕುರ್ಚಿಯಿಂದ ಇಳಿದವನ ಕಣ್ಣು ಮಂಚದ ಕೆಳಗಿನ ಕೆಂಡದ ಬಾಣಲೆಯ ಮೇಲೆ ಬಿತ್ತು.

"ಉಮ್ಮ, ಇದನ್ನು ಈ ಕೋಣೆಯಲ್ಲಿ ಇಡಬೇಡಿ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ."

ಜಮೀಲರ ಮುಖ ಸಣ್ಣದಾಯಿತು. "ನನ್ನ ಮಕ್ಕಳೆಲ್ಲ ಕೆಂಡದ ಬಿಸಿಯಲ್ಲೇ ಬೆಳೆದದ್ದು ಮೋನೆ."

"ಊರಿನ ಮನೆಯಲ್ಲಿ ಗಾಳಿ ಆಡ್ತದೆ ಉಮ್ಮ. ಇಲ್ಲಿ ಕಿಟಕಿ ಎಲ್ಲ ಬಂದ್..."

"ಹಾಕ್ಲಿಕ್ಕೆ ಬಂದದ್ದಲ್ವಾ? ಹಾಕಿ ಆಯ್ತು. ಇನ್ನು ಹೊರಡಿ," ಎಂದಳು ನಾಝಿಯಾ.

ಅವನು ಅಲಾರಂ ಪೆಟ್ಟಿಗೆಯ ಮೇಲೆ ತನ್ನ ನಂಬರ್ ಅಂಟಿಸಿ ಹೊರಟುಹೋದ.

ಎಂಥ ಅಹಂಕಾರ... ಮಕ್ಕಳನ್ನು ಸಾಕಿದ ಉಮ್ಮನಿಗೇ ಬುದ್ಧಿ ಹೇಳ್ತಾನಲ್ಲ! ಎಂದುಕೊಂಡಳು ನಾಝಿಯಾ.

ಉಮ್ಮ ಕೆಲವು ದಿನ ಕೆಂಡ ಇಡಲಿಲ್ಲ. ಆದರೆ ಒಂದು ಬೆಳಿಗ್ಗೆ ಮಗುವಿನ ಕೈಕಾಲು ತಣ್ಣಗಿದೆ ಎನಿಸಿ, ಮನಸ್ಸು ತಡೆಯದೆ ಮತ್ತೆ ಬಾಣಲೆ ತಂದಿಟ್ಟರು.

ಸ್ವಲ್ಪ ಹೊತ್ತಿಗೆ ಅಲಾರಂ ಕೂಗಿತು. ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ನಾಝಿಯಾ ಸಿಟ್ಟಿನಿಂದಲೇ ಹಾಶಿಮ್‌ಗೆ ಫೋನ್ ಮಾಡಿದಳು.

"ನಿಮ್ಮ ಪೆಟ್ಟಿಗೆ ಸುಮ್ಮನೆ ಕೂಗ್ತಾ ಉಂಟು. ಬಂದ್ ಮಾಡುವುದು ಹೇಗೆ?"

"ಬಂದ್ ಮಾಡಬೇಡಿ ನಾಝಿಯಾ. ಎಲ್ಲರೂ ಹೊರಗೆ ಬನ್ನಿ. ಈಗಲೇ."

ಅವನ ದನಿಯಲ್ಲಿದ್ದ ಭಯ ಅವಳ ಸಿಟ್ಟನ್ನು ಅಲ್ಲೇ ಅಳಿಸಿತು. ಮಗುವನ್ನು ಉಮ್ಮನ ಕೈಗಿಟ್ಟು ಬಾಗಿಲಾಚೆ ಕಳಿಸಿದಳು. "ಅತ್ತಿಗೆ, ಏಳಿ..." ಮಿನ್ಹಾ ಕಣ್ಣು ತೆರೆಯಲಾರದೆ ನರಳಿದಳು. "ತಲೆ ಸಿಡೀತದೆ..." ಎಳೆದುಕೊಂಡು, ತಬ್ಬಿಕೊಂಡು, ನಾಝಿಯಾ ಅವಳನ್ನು ಹೇಗೋ ಹೊರಗೆ ತಂದಳು.

ಹಾಶಿಮ್ ಆಂಬ್ಯುಲೆನ್ಸ್‌ಗೆ ತಿಳಿಸಿ, ಆಸ್ಪತ್ರೆಗೇ ಓಡಿಬಂದ. ತಾಯಿ, ಮಗು ಇಬ್ಬರಿಗೂ ಅಪಾಯವಿಲ್ಲ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್.

ಜಮೀಲ ಅಲ್ಲೇ ಕುಸಿದು ಕುಳಿತರು. "ನನ್ನ ಕೈಯಾರೆ ಮಾಡಿಬಿಟ್ಟೆ ಮೋನೆ..."

ಹಾಶಿಮ್ ಅವರ ಕಾಲಬುಡದಲ್ಲಿ ಕುಳಿತ. "ಪ್ರೀತಿಯಿಂದ ಮಾಡಿದ್ದಲ್ವಾ ಉಮ್ಮ? ಮಗು ಉಷಾರುಂಟು. ಬೆಚ್ಚಗಿಡ್ಲಿಕ್ಕೆ ಬೇರೆ ದಾರಿ ಉಂಟು. ನಾನು ನೋಡ್ತೇನೆ."

ನಾಝಿಯಾ ದೂರದಿಂದ ನೋಡುತ್ತಲೇ ಇದ್ದಳು. ಇವನನ್ನಾ ನಾನು ಅಹಂಕಾರಿ ಅಂದುಕೊಂಡದ್ದು?

ಮುಂದಿನ ವಾರ ತೌಫೀಕ್ ಅವನನ್ನು ಊಟಕ್ಕೆ ಕರೆತಂದ. ಊಟದ ನಂತರ ಬಾಲ್ಕನಿಯಲ್ಲಿ ನಿಂತಿದ್ದವನಿಗೆ ನಾಝಿಯಾ ಚಹಾ ಕೊಟ್ಟಳು.

"ಆ ದಿನ 'ಮೊದಲೇ ಹೇಳಿದ್ದೆ' ಅಂತ ನೀವು ಒಂದು ಮಾತೂ ಆಡಲಿಲ್ಲ. ಯಾಕೆ?"

"ಉಮ್ಮ ಅಳ್ತಾ ಇದ್ರಲ್ಲ."

ಅವಳ ಕಣ್ಣು ತುಂಬಿತು. "ನಾನು ನಿಮಗೆ ತುಂಬಾ ಹೇಳಿಬಿಟ್ಟೆ... ಕ್ಷಮಿಸಿ."

"ಅಷ್ಟು ಸಿಟ್ಟಿದ್ದೂ ನನ್ನ ಒಂದೇ ಮಾತಿಗೆ ಅತ್ತಿಗೆಯನ್ನು ಎಳೆದುಕೊಂಡು ಹೊರಗೆ ತಂದ್ರಿ. ಅಷ್ಟು ಧೈರ್ಯ ಇರುವವರನ್ನು ನಾನು ನೋಡಿಲ್ಲ. ಅವತ್ತಿನಿಂದ ನಿಮ್ಮನ್ನೇ ನೆನೆಸ್ತಾ ಇದ್ದೇನೆ." ಅವನು ಲೋಟ ಕೆಳಗಿಟ್ಟ. "ನಮ್ಮ ಮನೆಯವರು ಬಂದು ಉಮ್ಮನ ಹತ್ರ ಕೇಳಬಹುದಾ?"

"ಮೊದಲು ನನ್ನ ಹತ್ರ ಕೇಳಬೇಡ್ವಾ?"

"ಕೇಳ್ತಾ ಇದ್ದೇನೆ ನಾಝಿಯಾ."

ಅವಳು ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

"ಹಾಗಾದ್ರೆ... ಉಮ್ಮನ ಹತ್ರ ನಾನೇ ಹೇಳ್ತೇನೆ."